ಅಂಜಿಕೆಯನ್ನು ಮುಚ್ಚಿಡದ ಪುಸ್ತಕ

ಮಹಾಪುರುಷರ ಜಯಂತಿ ಬಂದಾಗ ಭಾವಚಿತ್ರಕ್ಕೆ ಹಾರ ಹಾಕಿ, ನಾಲ್ಕು ಮಾತನಾಡಿ, ಕಾಫಿ ಕುಡಿದು ಮನೆಗೆ ಮರಳುವುದು ನಮ್ಮ ಸಂಘಗಳಿಗೆಲ್ಲ ರೂಢಿ. ಹೀಗೆ ಗೌರವಿಸುತ್ತ ಗೌರವಿಸುತ್ತ ಆ ವ್ಯಕ್ತಿಯನ್ನು ನಮ್ಮ ಕೈಗೆಟುಕದ ಎತ್ತರದಲ್ಲಿ ಕೂರಿಸಿಬಿಡುತ್ತೇವೆ. ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು 1958ರಲ್ಲಿ ಪ್ರಕಟಿಸಿದ ‘ಸ್ಟ್ರೈಡ್ ಟುವರ್ಡ್ ಫ್ರೀಡಂ’ ಓದಿದಾಗ ನಮಗಾದ ಅನುಭವ ಇದಕ್ಕೆ ತೀರ ವಿರುದ್ಧವಾದುದು.

ಅಮೆರಿಕದ ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ಬಿಳಿಯರಿಗಾಗಿ ಸೀಟು ಬಿಟ್ಟೇಳಲು ಒಪ್ಪದ ರೋಸಾ ಪಾರ್ಕ್ಸ್ ಅವರ ಬಂಧನವಾದದ್ದು 1955ರ ಡಿಸೆಂಬರ್ 1ರಂದು. ಆಮೇಲೆ ಅಲ್ಲಿನ ಕಪ್ಪು ಜನರು 381 ದಿನ ಬಸ್ಸು ಹತ್ತಲಿಲ್ಲ. ಅವರ ಮುಂದಾಳಾಗಿ ನಿಂತ ಪಾದ್ರಿ ಕಿಂಗ್ ಅವರಿಗೆ ಆಗ 26 ವರ್ಷ.

ಪುಸ್ತಕದ ಜೀವಾಳವಿರುವುದು 1956ರ ಜನವರಿಯ ಒಂದು ರಾತ್ರಿಯಲ್ಲಿ. ಫೋನಿನಲ್ಲಿ ಕೊಲೆ ಬೆದರಿಕೆ ಬರುತ್ತದೆ. ನಿದ್ದೆ ಬಾರದೆ ಅಡಿಗೆಮನೆಗೆ ಹೋಗಿ ಕಾಫಿ ಕಾಯಿಸಿಕೊಂಡು ಕೂರುತ್ತಾರೆ. ಹೇಡಿ ಎನಿಸಿಕೊಳ್ಳದೆ ಇದರಿಂದ ಜಾರಿಕೊಳ್ಳುವುದು ಹೇಗೆಂದು ಯೋಚಿಸುತ್ತಾರೆ! ಕೊನೆಗೆ ಬಾಯಿಬಿಟ್ಟು ಪ್ರಾರ್ಥಿಸುತ್ತಾರೆ. ಮನೆ ಮಠ ಸುರಕ್ಷಿತವಾಗಿರುತ್ತದೆಂಬ ಅಭಯವೇನೂ ಸಿಗುವುದಿಲ್ಲ. ತಾನು ಒಂಟಿಯಲ್ಲವೆಂಬ ಭರವಸೆ ಸಿಗುತ್ತದೆ. ಮೂರು ರಾತ್ರಿ ಕಳೆಯುವಷ್ಟರಲ್ಲಿ ಮನೆಯ ಜಗಲಿಯಲ್ಲಿ ಬಾಂಬು ಸಿಡಿಯಿತು. ಹೆಂಡತಿ, ಹಸುಗೂಸು ಪಾರಾದರು. ಸಿಟ್ಟಿನಿಂದ ನೆರೆದಿದ್ದ ಜನರಿಗೆ ಆಯುಧ ಬಿಟ್ಟು ಮನೆಗೆ ಹೋಗಿರೆಂದು ಹೇಳುವ ಶಕ್ತಿ ಅವರಿಗೆ ಎಲ್ಲಿಂದ ಬಂತೆಂಬುದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಬೈಬಲ್ಲನ್ನು ಓದುತ್ತಿದ್ದ ಬಿಳಿಯ ಪಾದ್ರಿಗಳಲ್ಲಿ ಹೆಚ್ಚಿನವರು ಬಾಯಿ ಮುಚ್ಚಿಕೊಂಡಿದ್ದರಲ್ಲ? ಕಲ್ಯಾಣದ ಶರಣರ ಕಥೆ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ಬರಿಯ ಭಕ್ತಿ ಬೇರೆ, ಬೀದಿಗಿಳಿದ ಭಕ್ತಿ ಬೇರೆ. ಇಲ್ಲಿ ಭಕ್ತಿಯನ್ನು ಬೀದಿಗಿಳಿಸಿದ್ದು ಚರ್ಚುಗಳಲ್ಲಿ ಮತ್ತೆ ಮತ್ತೆ ಸೇರುತ್ತಿದ್ದ ಸಭೆಗಳು, ಸುಮಾರು 300 ಕಾರುಗಳನ್ನು ಹೊಂದಿಸಿ ಜನರನ್ನು ಕೆಲಸಕ್ಕೆ ಮುಟ್ಟಿಸಿದ ವ್ಯವಸ್ಥೆ, ಕಾರು ಸಿಗದೆ ನಡೆದೇ ಹೋದ ಮುದುಕಿಯರು. ಈ ಅಧ್ಯಾಯಗಳು ನೀರಸವೆಂದು ಕೆಲವರಿಗೆ ತೋರಬಹುದು. ಕಡತಗಳ ನಡುವೆ ಬದುಕುವ ನಮಗೆ ಇವೇ ಹೆಚ್ಚು ಮೆಚ್ಚಿಗೆಯಾದುವು.

ಕೊರತೆಯೂ ಉಂಟು. ಪಾರ್ಕ್ಸ್ ಅವರ ಬಂಧನದ ರಾತ್ರಿ ನಿದ್ದೆಗೆಟ್ಟು ಸಾವಿರಾರು ಕರಪತ್ರಗಳನ್ನು ಸಿದ್ಧಪಡಿಸಿದವರು ಜೋ ಆ್ಯನ್ ರಾಬಿನ್‌ಸನ್ ಎಂಬ ಅಧ್ಯಾಪಕಿ. ಅವರ ಹೆಸರು ಇಲ್ಲಿ ಬರುತ್ತದೆಯಾದರೂ ಆ ದುಡಿಮೆಯ ಪೂರ್ಣ ಚಿತ್ರ ಬರುವುದಿಲ್ಲ. ಅದಕ್ಕೆ 1987ರಲ್ಲಿ ಪ್ರಕಟವಾದ ಅವರದೇ ಪುಸ್ತಕ ನೋಡಬೇಕು. ನಾಯಕರನ್ನು ಗೌರವಿಸುವಾಗ ಹೆಂಗಸರ ದುಡಿಮೆ ಹಿಂದಾಗುವುದು ನಮ್ಮಲ್ಲೂ ಇದ್ದದ್ದೇ.

ಡಾ. ಕಿಂಗ್ 1959ರಲ್ಲಿ ದೆಹಲಿಗೆ ಬಂದು ರಾಜಘಾಟಿನಲ್ಲಿ ಗಾಂಧೀಜಿಗೆ ಪುಷ್ಪಹಾರ ಅರ್ಪಿಸಿದ್ದರು. 1968ರಲ್ಲಿ ತಾವೂ ಗುಂಡಿಗೆ ಬಲಿಯಾದರು. ಇದನ್ನೆಲ್ಲ ಓದುತ್ತಿದ್ದಂತೆ ಒಂದು ಸಂಗತಿ ನೆನಪಾಗಿ ನಾಚಿಕೆಯಾಯಿತು. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಬಡ ಕೂಲಿಯೊಬ್ಬನನ್ನು ಹೀಯಾಳಿಸಿ ಸೀಟಿನಿಂದ ಎಬ್ಬಿಸಿದಾಗ ಕಿಟಕಿಯಾಚೆ ನೋಡುತ್ತ ಕುಳಿತವರಲ್ಲಿ ನಾವೂ ಒಬ್ಬರು. ಅಂಜಿಕೆ ಕಿಂಗ್ ಅವರಿಗೂ ಇತ್ತು. ಆದ್ದರಿಂದ ಅಂಜಿದೆವೆಂಬ ನೆವವನ್ನು ಈ ಪುಸ್ತಕ ನಮಗೆ ಉಳಿಸುವುದಿಲ್ಲ. ಸಂಘದ ವಾಚನಾಲಯಕ್ಕೆ ಒಂದು ಪ್ರತಿ ತರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ.