ಚಕೋರಕ್ಕೆ ಯಾವ ಚೋಕ್?

ಬೆಳದಿಂಗಳು ಕುಡಿದೇ ಬದುಕುತ್ತದೆಂದು ನಮ್ಮ ಕವಿಗಳು ಹೊಗಳಿದ ಚಕೋರ, ಅಮೆರಿಕದ ನೆವಾಡಾದಲ್ಲಿ ಹುಲ್ಲಿನ ಬೀಜ ಮೇಯುತ್ತದೆ. ಏಷ್ಯಾದಿಂದ ಒಯ್ದು ಬಿಟ್ಟ ಹಕ್ಕಿ ಅಲ್ಲಿನ ಒಣ ಕಲ್ಲುಗುಡ್ಡಗಳಿಗೆ ಎಷ್ಟು ಒಗ್ಗಿತೆಂದರೆ, 1947ರಲ್ಲೇ ಅದರ ಶಿಕಾರಿಗೆ ಅನುಮತಿ ಸಿಕ್ಕಿತು. ಅಟ್ಟಿಸಿದರೆ ಗುಡ್ಡದ ಮೇಲಕ್ಕೆ ಓಡುತ್ತದೆ, ಹಾರುವಾಗ ಮಾತ್ರ ಇಳಿಜಾರಿಗೆ ಧುಮುಕುತ್ತದೆ. ಏದುಸಿರು ಬಿಡುತ್ತ ಮೇಲೆ ಬಂದ ಶಿಕಾರಿಯವನಿಗೆ ಕಾಣುವುದು 35–40 ಗಜ ದೂರದ ಬೆನ್ನು.

ಚೋಕ್ ಎಂದರೆ ನಳಿಗೆಯ ಬಾಯಿಯನ್ನು ತುಸುವೇ ಕಿರಿದಾಗಿಸುವುದು. ಹನ್ನೆರಡು ಬೋರಿನ ಕೋವಿಯಲ್ಲಿ ಅತಿ ಬಿಗಿಯೆನಿಸುವ ಫುಲ್ ಚೋಕ್ ಕೂಡ ಸುಮಾರು ಒಂದು ಮಿಲಿಮೀಟರಿನಷ್ಟೇ ಬಿಗಿ. ಆದರೆ ಪರಿಣಾಮ ದೊಡ್ಡದು. ನಲವತ್ತು ಗಜ ದೂರದ 30 ಇಂಚಿನ ವೃತ್ತದೊಳಗೆ ಚೋಕ್ ಇಲ್ಲದ ಸಿಲಿಂಡರ್ ನಳಿಗೆ ಶೇ. 40ರಷ್ಟು ಚರೆ ಹಾಕಿದರೆ, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಫುಲ್ 70. ಚಕೋರಕ್ಕೆ ಮಾಡಿಫೈಡ್ ನಳಿಗೆ, ಆರನೇ ನಂಬರಿನ ಸೀಸದ ಚರೆ ಹೊಂದುತ್ತದೆ.

ಅದೇ ಈಡನ್ನು ಪೆನ್ಸಿಲ್ವೇನಿಯಾದ ಕಾಡಿಗೆ ಒಯ್ದರೆ ಕೆಲಸ ಕೆಡುತ್ತದೆ. ಆ ರಾಜ್ಯದ ಪಕ್ಷಿಯಾದ ರಫ್ಡ್ ಗ್ರೌಸ್ ಕಾಲಬುಡದಲ್ಲೇ ಭರ್ರೆಂದು ಎದ್ದು ಕಣ್ಣು ಮಿಟುಕಿಸುವುದರೊಳಗೆ ಮರದ ಮರೆಗೆ ಸೇರುತ್ತದೆ. ದೂರ ಇಪ್ಪತ್ತು ಗಜವಿದ್ದರೆ ಹೆಚ್ಚು. ಅಷ್ಟರಲ್ಲಿ ಬಿಗಿ ನಳಿಗೆಯ ಚರೆ ಹರಡಿಯೇ ಇರುವುದಿಲ್ಲ: ಒಂದೋ ಗುರಿ ತಪ್ಪುತ್ತದೆ, ಇಲ್ಲವೇ ಬಾಣಲೆಗೆ ಹಾಕಲು ಏನೂ ಉಳಿಯುವುದಿಲ್ಲ. ಅಲ್ಲಿ ಬೇಕಾದ್ದು ಸಿಲಿಂಡರ್ ನಳಿಗೆ, ಏಳೂವರೆ ನಂಬರಿನ ಸಣ್ಣ ಚರೆ. ಒಂದು ಔನ್ಸಿಗೆ ಆರನೇ ನಂಬರು ಸುಮಾರು 225 ಚರೆ ಹಿಡಿದರೆ, ಏಳೂವರೆ ಸುಮಾರು 350. ದೂರ ಹೊಡೆಯುವ ಕೋವಿಯೇ ಒಳ್ಳೆಯ ಕೋವಿ ಎಂಬ ಹೆಮ್ಮೆಯಿಂದ ಉಳಿದುಕೊಂಡ ಗ್ರೌಸ್‌ಗಳಿಗೆ ಲೆಕ್ಕವಿರಲಾರದು.

(ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಈ ಜಿಜ್ಞಾಸೆಗೆ ಎಡೆಯಿಲ್ಲ. ಕೊಡಗಿನ ಕೈಲ್ ಮುಹೂರ್ತದಲ್ಲಿ ಕೋವಿ ಗುರಿಯಿಡುವುದು ತೆಂಗಿನಕಾಯಿಗೆ, ಅದು ಹಾರುವುದಿಲ್ಲ.)

ಹತ್ತಿರ, ದೂರ ಎರಡಕ್ಕೂ ಜೋಡುನಳಿಗೆಯವರು ಹಳೆಯ ಉಪಾಯವೊಂದನ್ನು ಇಟ್ಟುಕೊಂಡಿದ್ದಾರೆ. ಮುಂದಿನ ಕುದುರೆ ಎಳೆದರೆ ಸಡಿಲ ನಳಿಗೆ, ಹಿಂದಿನದಕ್ಕೆ ಬಿಗಿ. ಮೊದಲ ಈಡು ತಪ್ಪಿದಾಗ ಹಕ್ಕಿ ಹೇಗೂ ದೂರವಾಗಿರುತ್ತದೆ.

ಈ ಲೆಕ್ಕವನ್ನೆಲ್ಲ ಸೀಸದ ಬದಲಿಗೆ ಬಂದ ಉಕ್ಕಿನ ಚರೆ ತಲೆಕೆಳಗು ಮಾಡಿತು. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಎಲ್ಲ ಬೇಟೆಗೂ ಸೀಸ ನಿಷೇಧಿಸಿದೆ. ಉಕ್ಕು ಸೀಸಕ್ಕಿಂತ ಹಗುರ, ಹಾಗಾಗಿ ಆರರ ಬದಲು ನಾಲ್ಕನೇ ನಂಬರಿನ ದಪ್ಪ ಚರೆ ಬೇಕು. ಗಟ್ಟಿಯಾದ್ದರಿಂದ ನಳಿಗೆಯಲ್ಲಿ ಜಜ್ಜಿಹೋಗದೆ ಒತ್ತಾಗಿ ಹೋಗುತ್ತದೆ, ಹಾಗಾಗಿ ಚೋಕ್ ಒಂದು ಮೆಟ್ಟಿಲು ಸಡಿಲವಿರಬೇಕು. ಅಜ್ಜನ ಕಾಲದ ಫುಲ್ ಚೋಕ್ ನಳಿಗೆಗೆ ಇದನ್ನು ತುಂಬಿದರೆ ಬಾಯಿ ಉಬ್ಬಿಕೊಳ್ಳುವ ಅಪಾಯವಿದೆ.

ನಳಿಗೆಯ ಮೇಲೆ ಕೆತ್ತಿದ ಹೆಸರನ್ನು ಪೂರ್ತಿ ನಂಬುವಂತೆಯೂ ಇಲ್ಲ. ತೋಟಾ ಬದಲಾದರೆ ಮಾಡಿಫೈಡ್ ನಳಿಗೆಯೇ ಫುಲ್‌ನಂತೆ ಹೊಡೆದೀತು. ಋತು ಶುರುವಾಗುವ ಮೊದಲು ದೊಡ್ಡ ಕಾಗದ ಕಟ್ಟಿ, ಗಜ ಅಳೆದು, ಹೊಡೆದು, ಪೆನ್ಸಿಲ್ ಹಿಡಿದು ತೂತು ಎಣಿಸುವವರು ಅದಕ್ಕೇ ಇದ್ದಾರೆ.