ಮಿಡತೆ ಆಯೋಗ: ಕಣ್ಣು ಚುರುಕು, ಕೈ ಗಿಡ್ಡ

ಭಾರತ–ಪಾಕಿಸ್ತಾನದ ನಡುವೆ ರಾಜಸ್ಥಾನದ ಗಡಿ ಊರು ಮುನಾಬಾವ್ ದಾಟಿ ಓಡುತ್ತಿದ್ದ ಥಾರ್ ಎಕ್ಸ್‌ಪ್ರೆಸ್ 2019ರ ಆಗಸ್ಟ್‌ನಲ್ಲಿ ನಿಂತಿತು. ಅದೇ ಮುನಾಬಾವ್‌ನಲ್ಲೋ ಗಡಿಯಾಚೆಯ ಖೋಖ್ರಾಪಾರ್‌ನಲ್ಲೋ ಮಳೆಗಾಲದ ತಿಂಗಳುಗಳಲ್ಲಿ ಉಭಯ ದೇಶಗಳ ಮಿಡತೆ ಅಧಿಕಾರಿಗಳು ಕೂತು ಮಾತಾಡುವ ಹಳೆಯ ರೂಢಿ ಮಾತ್ರ ಆಗ ನಿಲ್ಲಲಿಲ್ಲ. ಇದರ ಬೆನ್ನಿಗಿರುವುದು 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಡಿ ಹುಟ್ಟಿದ ನೈಋತ್ಯ ಏಷ್ಯಾ ಮಿಡತೆ ಆಯೋಗ. ಅಫ್ಘಾನಿಸ್ತಾನ, ಇರಾನ್, ಪಾಕಿಸ್ತಾನ, ಭಾರತ ಅದರ ಸದಸ್ಯರು.

ರಾಜಕೀಯ ಕೆಟ್ಟಾಗಲೂ ಈ ನಂಟು ಉಳಿಯಲು ಕಾರಣ ಅದರ ಚಿಕ್ಕ ಗಾತ್ರವೇ. ಈ ಸಭೆಗಳಲ್ಲಿ ಸಹಿ ಹಾಕಬೇಕಾದ ಘನ ಒಪ್ಪಂದವಿಲ್ಲ, ಕ್ಯಾಮೆರಾ ಇಲ್ಲ. ಎಲ್ಲಿ ಮಳೆಯಾಯಿತು, ಎಲ್ಲಿ ಮರಿ ಕಂಡಿತು ಎಂಬ ಲೆಕ್ಕವಷ್ಟೇ ವಿನಿಮಯ. ದಿನಕ್ಕೆ 150 ಕಿ.ಮೀ. ಹಾರಬಲ್ಲ, ಒಂದು ಚದರ ಕಿ.ಮೀ. ದಂಡೇ 35,000 ಜನರ ಊಟದಷ್ಟು ಮೇಯುವ ಕೀಟದ ವಿಷಯದಲ್ಲಿ ಆ ಲೆಕ್ಕಕ್ಕೆ ಬೆಲೆಯಿದೆ.

ಆದರೆ 2019–20ರ ದಾಳಿ ಇದರ ಮಿತಿಯನ್ನೂ ತೋರಿಸಿತು. 2018ರಲ್ಲಿ ಮೆಕುನು, ಲುಬಾನ್ ಚಂಡಮಾರುತಗಳು ಅರೇಬಿಯಾದ ರುಬ್ ಅಲ್ ಖಾಲಿ ಮರಳುಗಾಡಿಗೆ ಮಳೆ ಸುರಿಸಿದವು. ಯಾರ ಕಣ್ಣಿಗೂ ಬೀಳದೆ ಮಿಡತೆ ಅಲ್ಲಿ ಮೂರು ಪೀಳಿಗೆ ಕಂಡಿತು. ಪಕ್ಕದ ಯೆಮನ್ ಯುದ್ಧದಲ್ಲಿ ಮುಳುಗಿತ್ತು. ಆ ನೆಲ ಈ ಆಯೋಗದ ವ್ಯಾಪ್ತಿಗೆ ಸೇರಿದ್ದೇ ಅಲ್ಲ. ದಂಡು ಇರಾನ್, ಪಾಕಿಸ್ತಾನ ದಾಟಿ ರಾಜಸ್ಥಾನಕ್ಕೆ ಬಂತು; 2020ರಲ್ಲಿ ಜೈಪುರ, ವಿದರ್ಭ ಮುಟ್ಟಿತು. ಕರ್ನಾಟಕದ ಉತ್ತರದ ಗಡಿ ಜಿಲ್ಲೆಗಳಿಗೂ ಎಚ್ಚರಿಕೆ ಹೋಯಿತು.

ಆಗ ಭಾರತ ಡ್ರೋನ್‌ನಿಂದ ಔಷಧಿ ಸಿಂಪಡಿಸಿತು, ಇರಾನ್‌ಗೆ ಮೆಲಾಥಿಯಾನ್ ಕೀಟನಾಶಕ ಕಳಿಸಿತು. ಎರಡೂ ಮೆಚ್ಚತಕ್ಕವೇ. ಆದರೆ ರೆಕ್ಕೆ ಬಾರದ ಮರಿಗಳನ್ನು ಹುಟ್ಟಿದಲ್ಲೇ ಹಿಡಿದರೆ ಕಡಿಮೆ ವಿಷ ಸಾಕು. ದಂಡು ಎದ್ದ ಮೇಲೆ ಹೊಲ, ಕೆರೆ, ಜೇನುಹುಳುಗಳ ಮೇಲೆಲ್ಲ ಸುರಿಯಬೇಕಾಗುತ್ತದೆ. ಸುದ್ದಿ ಗಡಿ ದಾಟುವಷ್ಟು ಸಲೀಸಾಗಿ ಪಂಪು, ವಾಹನ, ಹಣ ದಾಟಲಿಲ್ಲ.

ಮಿಡತೆಯಿಲ್ಲದ ವರ್ಷಗಳೇ ಈ ವ್ಯವಸ್ಥೆಗೆ ಹೆಚ್ಚು ಅಪಾಯ. ಪೈರು ಉಳಿದಾಗ ಅದನ್ನು ಉಳಿಸಿದ ಸಮೀಕ್ಷೆಯ ಜೀಪು ಯಾವ ಹಣಕಾಸು ಇಲಾಖೆಗೂ ಕಾಣುವುದಿಲ್ಲ. ಹುದ್ದೆ ಖಾಲಿ ಬಿದ್ದರೂ ಕೇಳುವವರಿಲ್ಲ. ಆಯೋಗದ ಯೋಗ್ಯತೆಯನ್ನು ದಾಳಿಯ ವರ್ಷದಲ್ಲಿ ಸಿಂಪಡಿಸಿದ ಲೀಟರುಗಳಿಂದ ಅಳೆಯುವುದು ತಪ್ಪು. ಅರೇಬಿಯಾ ಭಾಗವನ್ನು ನೋಡಿಕೊಳ್ಳುವ ಮಿಡತೆ ಆಯೋಗದೊಂದಿಗೆ ಕೂಡಿ ಮುಂದಿನ ಮಳೆಗೆ ಮೊದಲೇ ಔಷಧಿ, ಹಣ ಕೂಡಿಟ್ಟಿದೆಯೇ ಎಂಬುದೇ ಸರಿಯಾದ ಅಳತೆ.