ಹೆಸರಿಲ್ಲದವರ ಚಿತ್ರ

ಹಳ್ಳಿ ಶಾಲೆಯ ಗೋಡೆಗೆ ತೂಗುಹಾಕುವ ಪಟಗಳನ್ನು ಮೇಷ್ಟ್ರುಗಳೆಲ್ಲ ಬಲ್ಲರು. ಒಂದರಲ್ಲಿ ರಾಷ್ಟ್ರನಾಯಕರು. ಒಬ್ಬೊಬ್ಬರ ಮುಖದ ಕೆಳಗೂ ಹೆಸರು. ಇನ್ನೊಂದು, 'ನಮ್ಮ ಸಹಾಯಕರು'. ಅದರಲ್ಲಿ ಕುಂಬಾರ, ಅಗಸ, ಚಮ್ಮಾರ, ಕ್ಷೌರಿಕ. ಕೈಯಲ್ಲಿ ಹತಾರ, ಕೆಳಗೆ ಕಸುಬು. ಮನುಷ್ಯನ ಹೆಸರು ಮಾತ್ರ ಇಲ್ಲ. ಅಲ್ಲಾ, ಇವರು ಯಾರಿಗೆ ಸಹಾಯಕರು? ಆ ಚಮ್ಮಾರನ ಮಗ ಅದೇ ತರಗತಿಯಲ್ಲಿ ಕೂತಿದ್ದರೆ, 'ನಮ್ಮ' ಅನ್ನೋದರಲ್ಲಿ ಅವನೂ ಇದ್ದಾನೋ?

ಇದು ಇವತ್ತಿನ ಚಾಳಿಯಲ್ಲ. 18ನೇ ಶತಮಾನದ ಕೊನೆ, 19ನೇ ಶತಮಾನದ ಮೊದಲಲ್ಲಿ ತಂಜಾವೂರಿನ ಚಿತ್ರಗಾರರು ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರಿಗೆ ಜಾತಿ-ಕಸುಬುಗಳ ಚಿತ್ರಮಾಲೆ ಬರೆದುಕೊಟ್ಟರು. ಹಾಳೆಗೊಂದು ಜೋಡಿ, ಗಂಡ, ಹೆಂಡತಿ, ಹತಾರ. ಜೊತೆಗೆ ಜಾತಿಯ ಹೆಸರು. ಮಂಡಿಯಲ್ಲಿ ಮಾದರಿಗೆಂದು ಹಿಡಿದು ತೋರಿಸುವ ಕಾಳಿನ ಹಾಗೆ. ಅದೇ ಕಾಲದಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೈಸೂರಿನ ದಿವಾನ್ ಪೂರ್ಣಯ್ಯನವರ ಭಾವಚಿತ್ರ ಬರೆದ. ಅದಕ್ಕೆ ಹೆಸರುಂಟು, ಹುದ್ದೆಯೂ ಉಂಟು.

ಹಾಗಾದರೆ ದುಡಿಯುವವನ ಹೆಸರು ಹಾಕಿ, ಮುಖವನ್ನು ಮರ್ಯಾದೆಯಿಂದ ಬರೆದುಬಿಟ್ಟರೆ ಸಾಕೇ? ಇದಕ್ಕೆ ದೂರದ ಸ್ಪೇನಿನ ಒಬ್ಬನ ಕಥೆ ಕೇಳಬೇಕು.

ಹುವಾನ್ ದೆ ಪರೇಹಾ, ಸ್ಪೇನ್ ದೊರೆಯ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ಗುಲಾಮ. ಒಡೆಯನ ಚಿತ್ರಶಾಲೆಯಲ್ಲೇ ದುಡಿಯುತ್ತಿದ್ದವನು. 1650ರಲ್ಲಿ ರೋಮ್‌ನಲ್ಲಿ ಒಡೆಯ ಅವನ ಭಾವಚಿತ್ರ ಬರೆದ. ಕೈಯಲ್ಲಿ ಹತಾರವಿಲ್ಲ. ತಲೆ ತಗ್ಗಿಲ್ಲ. ಬಿಳಿ ಲೇಸಿನ ಕೊರಳಪಟ್ಟಿ, ನೆಟ್ಟ ನೋಟ. ನೋಡುವವನೇ ಕಣ್ಣು ತಗ್ಗಿಸಬೇಕು. ರೋಮ್ ಭೇಷ್ ಅಂದಿತು. ಅವತ್ತೂ ಆತ ಗುಲಾಮನೇ! ಬಿಡುಗಡೆಯ ಪತ್ರ ಆದದ್ದು ಅದೇ ವರ್ಷದ ನವೆಂಬರಿನಲ್ಲಿ. ಅದೂ ನಾಲ್ಕು ವರ್ಷ ಕಳೆದ ಮೇಲೆ, ಅಷ್ಟರಲ್ಲಿ ಓಡಿಹೋಗದೆ ಇದ್ದರೆ ಜಾರಿ ಅಂತ ಷರತ್ತು. ಬಣ್ಣದಲ್ಲಿ ಧಾರಾಳವಾಗಿ ಕೊಟ್ಟ ಮರ್ಯಾದೆಯನ್ನು ಬದುಕಿನಲ್ಲಿ ಕೊಡೋದಕ್ಕೆ ಇಷ್ಟು ಲೆಕ್ಕಾಚಾರ. 1970ರಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ಚಿತ್ರ 23 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮನುಷ್ಯನೂ ಒಬ್ಬರ ಆಸ್ತಿಯಾಗಿದ್ದ, ಅವನ ಮುಖವೂ ಆಸ್ತಿಯಾಯಿತು.

ವಿಮರ್ಶಕರು ವೆಲಾಸ್ಕೆಸ್‌ನ ಕುಂಚವನ್ನು ಹೊಗಳಿಕೊಳ್ಳಲಿ, ನನ್ನ ತಕರಾರಿಲ್ಲ. ನನ್ನನ್ನು ಹಿಡಿದು ನಿಲ್ಲಿಸೋದು ಪರೇಹಾ ತಾನೇ ಬರೆದ ಚಿತ್ರ, 1661ರ 'ಸಂತ ಮತ್ತಾಯನ ಕರೆ'. ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಂನಲ್ಲಿದೆ. ಅದರ ಎಡ ಅಂಚಿನಲ್ಲಿ ಆತ ತನ್ನನ್ನೇ ನಿಲ್ಲಿಸಿಕೊಂಡಿದ್ದಾನೆ. ಒಳ್ಳೆಯ ಬಟ್ಟೆ. ಆದರೆ ಮುಖದ ಬಣ್ಣ ಒಡೆಯ ಬರೆದದ್ದಕ್ಕಿಂತ ತಿಳಿ! ಬಿಡುಗಡೆಯಾದ ಮೇಲೂ ಆ ದೊಡ್ಡವರ ಸಭೆಯಲ್ಲಿ ತನ್ನ ಕಪ್ಪು ಮುಖ ಹೊತ್ತು ನಿಲ್ಲೋದು ಅವನಿಗೆ ಕಷ್ಟವಾಯಿತೇನೋ. ಪಟ್ಟಣ ಸೇರಿ, ನೌಕರಿ ಹಿಡಿದು, ಬಾಡಿಗೆ ಮನೆಯವನ ಮುಂದೆ ಕೇರಿಯ ಹೆಸರು ನುಂಗಿಕೊಂಡ ನಮ್ಮವರಿಗೆ ಇದು ಅರ್ಥವಾಗುತ್ತೆ. ಅವನನ್ನು ಬೈಯೋದಕ್ಕೆ ನನಗಂತೂ ಬಾಯಿ ಬರೋದಿಲ್ಲ. ಅವನ ಕೈಯಲ್ಲೊಂದು ಚೀಟಿ ಇದೆ. ಅದರ ಮೇಲೆ ಅವನ ಹೆಸರಿದೆ, ಅವನೇ ಬರೆದದ್ದು.